ಲೆಕ್ಕಕ್ಕೆ ಬಾರದ ಐದು ಗಂಟೆ

2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 12.55 ಲಕ್ಷ. ಆಗ ರಾಜ್ಯದಲ್ಲಿ 60 ದಾಟಿದವರು ಶೇ. 9.5. ಅದೇ ಪ್ರಮಾಣ ಹಿಡಿದರೆ ಜಿಲ್ಲೆಯಲ್ಲಿ 1.19 ಲಕ್ಷ ಹಿರಿಯರು. ಈ ವಯಸ್ಸಿನವರಲ್ಲಿ ಶೇ. 7.4 ಮಂದಿಗೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದೆ ಎಂದಿತು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ‘ಲಾಸಿ-ಡ್ಯಾಡ್’. ಗುಣಿಸಿದರೆ ಸುಮಾರು 8,800 ಮಂದಿ. ಪಟ್ಟಣಗಳಲ್ಲಿ ಶೇ. 5.3 ಇರುವ ಕಾಯಿಲೆ ಹಳ್ಳಿಗಳಲ್ಲಿ ಶೇ. 8.4. ಹಾಗಾಗಿ ಗೌರಿಬಿದನೂರು, ಚಿಂತಾಮಣಿಯಂಥ ಹಳ್ಳಿಗಾಡಿನ ತಾಲ್ಲೂಕುಗಳಿಗೆ ಈ ಅಂದಾಜು ಕಡಿಮೆಯೇ.

ಮಾತ್ರೆ, ಬಸ್ ಚಾರ್ಜು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಸಮಯ. ಡಿಮೆನ್ಷಿಯಾ ಇರುವವರ ಆರೈಕೆಗೆ ಮನೆಯವರು ದಿನಕ್ಕೆ ಸರಾಸರಿ 5 ಗಂಟೆ ಕೊಡುತ್ತಾರೆ, ಅದರಲ್ಲಿ ಶೇ. 70 ಹೆಂಗಸರದೇ ದುಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಿಂಗಳಿಗೆ 150 ಗಂಟೆ, ಎಂದರೆ ಹತ್ತಿರಹತ್ತಿರ 19 ದಿನದ ಆಳುಕೆಲಸ. 2025-26ರ ಉದ್ಯೋಗ ಖಾತ್ರಿ ಕೂಲಿ 370 ರೂಪಾಯಿಯಂತೆ ಸುಮಾರು 6,900 ರೂಪಾಯಿ. ಹಿರಿಯರಿಗೆ ಸಿಗುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ಮಾತ್ರ. ಇಡೀ ಜಿಲ್ಲೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 73 ಕೋಟಿ ರೂಪಾಯಿಯ ದುಡಿಮೆ. ಯಾವ ಬಜೆಟ್ಟಿನಲ್ಲೂ ಇದಕ್ಕೊಂದು ಸಾಲಿಲ್ಲ.

ಜಿಲ್ಲೆಯ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆ ನೋಡಿ. ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತದಿಂದ) ಎದ್ದ ಹುಳು ಗೂಡು ಕಟ್ಟುವವರೆಗಿನ ಒಂದು ವಾರದಲ್ಲೇ ತನ್ನ ಒಟ್ಟು ಮೇವಿನ ಶೇ. 80ಕ್ಕೂ ಹೆಚ್ಚನ್ನು ತಿಂದುಬಿಡುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ರಾತ್ರಿಯೂ ಹಾಕಬೇಕು. ಅದೇ ವಾರ ಡಿಮೆನ್ಷಿಯಾ ಇರುವ ಮಾವ ಬಾಗಿಲು ತೆಗೆದು ರಸ್ತೆಗಿಳಿದರೆ ಸೊಸೆ ಯಾವುದನ್ನು ಬಿಟ್ಟು ಓಡಬೇಕು? ಹೊರಗಿನಿಂದ ಚಿಲಕ ಹಾಕಿಕೊಂಡು ತೋಟಕ್ಕೆ ಹೋಗುವವಳನ್ನು ಬೈಯುವುದು ಅನ್ಯಾಯ.

2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಚಿಂತಾಮಣಿಗೆ ಅಂಟಿಕೊಂಡ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಧ್ಯಯನ ನಡೆಸುತ್ತಿದೆ. ಕಾಯಿಲೆ ಗುರುತಿಸುವ ಕೆಲಸಕ್ಕೆ ಇವು ದೊಡ್ಡ ಬಲ. ಗುರುತಿಸಿದ ಮೇಲೆ ಹಗಲು ನೋಡಿಕೊಳ್ಳುವವರು ಯಾರು?

ಹತ್ತು ಹಿರಿಯರಿಗೆ ದಿನಕ್ಕೆ ಐದು ಗಂಟೆಯ ಹಗಲು ಆರೈಕೆ ಕೇಂದ್ರ, ಇಬ್ಬರು ಆಯಾಗಳು ಎಂದಿಟ್ಟುಕೊಳ್ಳಿ. ಪೂರ್ತಿ ದಿನದ ಕೂಲಿ ಕೊಟ್ಟರೂ 740 ರೂಪಾಯಿ. ಆ ಹತ್ತು ಮನೆಗಳಿಗೆ ಉಳಿಯುವ 50 ಗಂಟೆಯ ಬೆಲೆ 2,300. ಬಾಡಿಗೆ, ಊಟ ಸೇರಿಸಿದರೂ ಹೊಂದುವ ಲೆಕ್ಕವಿದು. ಮೊದಲು ಶಿಡ್ಲಘಟ್ಟದಲ್ಲೇ ಒಂದು ತೆರೆಯಲಿ.