ಮಣ್ಣಿಲ್ಲದ ಬೇಸಾಯ: ಪಂಚಗಂಗೆಯಿಂದ ಹಿರಣ್ಯಕೇಶಿಯವರೆಗೆ

ಬೆಳೆಗೆ ಮಣ್ಣಿನಿಂದ ಸಿಗುವುದು ಬೇರೂರಲು ಆಸರೆ, ನೀರು, ಆ ನೀರಿನಲ್ಲಿ ಕರಗಿದ ಲವಣ. ಇವು ಬೇರೆ ದಾರಿಯಿಂದ ದೊರೆತು, ಬೇರಿಗೆ ಗಾಳಿಯೂ ಆಡಿದರೆ ಮಣ್ಣಿಲ್ಲದೆಯೂ ಪೈರು ಬರುತ್ತದೆ. ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನೋಪ್ 1860ರ ಆಸುಪಾಸಿನಲ್ಲೇ ಇದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದ್ದರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್ ತೊಟ್ಟಿಗಳಲ್ಲಿ ಟೊಮೆಟೊ ಬೆಳೆದು ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಶಾಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಬಡ ಕುಟುಂಬಕ್ಕೂ ಎಟುಕುವಂಥ ಜಲ್ಲಿ-ಮರಳಿನ ಪದ್ಧತಿ ರೂಪಿಸಿದರು.

ಕೊಲ್ಹಾಪುರ ಜಿಲ್ಲೆ ಕಬ್ಬಿನ ಸೀಮೆ. ರಾಧಾನಗರಿ ಅಣೆಕಟ್ಟಿಗೆ ಶಾಹು ಮಹಾರಾಜರು ಕೈಹಚ್ಚಿದ ಕಾಲದಿಂದ ನೀರಾವರಿ ಬೆಳೆಯುತ್ತ ಬಂದಿದೆ. ನೀರು ಹೆಚ್ಚಾದ ಕಡೆ ಅದರ ಕೆಡುಕೂ ಕಾಣಿಸಿಕೊಂಡಿದೆ. ಶಿರೋಳ ತಾಲ್ಲೂಕಿನ ಕಪ್ಪು ಭೂಮಿಯಲ್ಲಿ ಸವಳು-ಜವಳಿನ ಬಾಧೆ ದೊಡ್ಡದು. ಬಸಿಗಾಲುವೆ, ನೆಲದಡಿಯ ಪೈಪುಗಳಿಂದ ಆ ನೆಲವನ್ನು ಸರಿಪಡಿಸುವ ಕೆಲಸ ನಡೆದೇ ಇದೆ, ಅದು ನಡೆಯಲೇಬೇಕು. ಅದರ ಜೊತೆಗೆ, ಉಪ್ಪೇರಿದ ನೆಲವನ್ನು ನೆಚ್ಚದೆ ಬೆಳೆಯುವ ಕ್ರಮವೊಂದು ಬೇಕೆಂಬುದು ಇಲ್ಲಿಯ ಮಟ್ಟಿಗೆ ಬರೀ ಕುತೂಹಲದ ಮಾತಲ್ಲ.

ಅಂಥ ಕ್ರಮದ ಅರ್ಧ ಭಾಗ ಆಗಲೇ ಊರೊಳಗೆ ಬಂದಿದೆ, ಯಾರೂ ಅದನ್ನು ಹೈಡ್ರೋಪೋನಿಕ್ಸ್ ಎಂದು ಕರೆಯುವುದಿಲ್ಲ ಅಷ್ಟೆ. ಕಬ್ಬಿನ ಸಸಿಗಳ ನರ್ಸರಿಗಳಲ್ಲಿ ಒಂದೊಂದೇ ಕಣ್ಣಿನ ತುಂಡುಗಳನ್ನು ಪ್ಲಾಸ್ಟಿಕ್ ಟ್ರೇಗಳ ಕೋಕೋಪೀಟ್‌ನಲ್ಲಿ ಊರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಸಸಿ ಹೊಲಕ್ಕೆ ಸಿದ್ಧ. ತೆಂಗಿನ ನಾರಿನ ಈ ಪುಡಿಯಲ್ಲಿ ಪೋಷಕಾಂಶ ತೀರ ಕಡಿಮೆ, ಆದ್ದರಿಂದ ಗೊಬ್ಬರವನ್ನು ನೀರಿನಲ್ಲೇ ಕೊಡಬೇಕು. ಕರಾವಳಿಯಿಂದ ಬರುವ ಪುಡಿಯಲ್ಲಿ ಸೋಡಿಯಂ ಉಳಿದಿರುವುದುಂಟು. ಚೆನ್ನಾಗಿ ತೊಳೆಯದೆ ಬಳಸಿದರೆ ಎಳೆ ಬೇರು ಸುಡುತ್ತದೆ.

ಇನ್ನೊಂದು ದಾರಿ ದನದ ಕೊಟ್ಟಿಗೆಯಿಂದ ತೆರೆದುಕೊಂಡದ್ದು. 1963ರಲ್ಲಿ ಹುಟ್ಟಿದ ಜಿಲ್ಲಾ ಹಾಲು ಉತ್ಪಾದಕರ ಸಂಘ, ಅಂದರೆ ‘ಗೋಕುಲ’, ಹಳ್ಳಿಹಳ್ಳಿಯ ಮನೆಗಳಿಗೆ ಎಮ್ಮೆ-ಆಕಳಿನ ಆದಾಯ ತಂದಿತು. ಕಬ್ಬು ಕಡಿಯುವ ತಿಂಗಳುಗಳಲ್ಲಿ ದನಗಳಿಗೆ ಕಬ್ಬಿನ ಸುಳಿ ಹೇರಳ. ಆದರೆ ಅದರಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಕಾರ್ಖಾನೆ ನಿಂತ ಮೇಲೆ ಬೇಸಿಗೆಯಲ್ಲಿ ಆ ಸುಳಿಯೂ ಇಲ್ಲ. ಹಸಿರು ಮೇವನ್ನು ಟ್ರೇಗಳಲ್ಲಿ ಬೆಳೆಸುವ ಪದ್ಧತಿ ಹೊಂದುವುದು ಇಂಥ ಹೊತ್ತಿಗೆ.

ಮಾಡುವ ಬಗೆ ಸುಲಭ. ಒಡೆಯದ, ಔಷಧಿ ಲೇಪಿಸದ ಗೋವಿನಜೋಳವನ್ನು ತೊಳೆದು 12ರಿಂದ 24 ಗಂಟೆ ನೆನೆಹಾಕಿ, ನೀರು ಬಸಿದು, ಒದ್ದೆ ಗೋಣಿಚೀಲದಲ್ಲಿ ಒಂದು ದಿನ ಕಟ್ಟಿಡುತ್ತಾರೆ. ಬಿಳಿ ಮೊಳಕೆ ಮೂಗು ಚಾಚಿದ ಕಾಳನ್ನು ತೂತಿರುವ ಟ್ರೇಯಲ್ಲಿ ತೆಳುವಾಗಿ ಹರವಿ, ಬಿದಿರು ಇಲ್ಲವೆ ಪೈಪಿನ ಚೌಕಟ್ಟಿನಲ್ಲಿ ನೆರಳುಬಲೆಯ ಕೆಳಗೆ ಜೋಡಿಸುತ್ತಾರೆ. ದಿನಕ್ಕೆ ಹಲವು ಸಲ ತುಂತುರು ನೀರು. ಏಳೆಂಟು ದಿನಗಳಲ್ಲಿ ಗೇಣುದ್ದ ಹಸಿರೆದ್ದು, ಕೆಳಗೆ ಬೇರು ಹೆಣೆದುಕೊಂಡು ಚಾಪೆಯಂತಾಗುತ್ತದೆ. ಸುತ್ತಿ ಎತ್ತಿ, ಬೇರು-ಕಾಳಿನ ಸಮೇತ ಎಮ್ಮೆಯ ಮುಂದಿಡಬಹುದು. ಬೂಷ್ಟು ಬಂದರೆ ಮಾತ್ರ ಇಡೀ ಟ್ರೇ ಚೆಲ್ಲಬೇಕು.

ಒಂದು ಕಿಲೋ ಕಾಳಿಗೆ 6ರಿಂದ 8 ಕಿಲೋ ಮೇವು ಬರುವುದು ನಿಜ. ಅದರ ಬಹುಪಾಲು ತೂಕ ನೀರಿನದು ಎಂಬುದೂ ಅಷ್ಟೇ ನಿಜ. ಒಣ ತೂಕ ನೋಡಿದರೆ ಹಾಕಿದ ಕಾಳಿಗಿಂತ ಸ್ವಲ್ಪ ಕಡಿಮೆಯೇ. ಆದ್ದರಿಂದ ಇದು ಒಣಮೇವು, ಹಿಂಡಿಗಳ ಜಾಗ ತುಂಬುವ ವಸ್ತುವಲ್ಲ. ಹಸಿರು ಸಿಗದ ತಿಂಗಳುಗಳಲ್ಲಿ, ಹೊಲವಿಲ್ಲದೆ ಎರಡು ಎಮ್ಮೆ ಸಾಕಿದವರಿಗೆ ಇದರ ಬೆಲೆ ದೊಡ್ಡದು. ಘಟಕ ಮಾರುವವರು ಹಸಿ ತೂಕದ ಲೆಕ್ಕವಷ್ಟನ್ನೇ ಹೇಳುವುದು ರೈತನಿಗೆ ಮಾಡುವ ಅನ್ಯಾಯ.

ಮಾರಾಟಕ್ಕೆ ಸೊಪ್ಪು ಬೆಳೆಯುವವರು ಹೆಚ್ಚಾಗಿ ಬಳಸುವುದು ಪಿವಿಸಿ ಕೊಳವೆಗಳ ಪದ್ಧತಿ. ತುಸು ಇಳಿಜಾರಾದ ಕೊಳವೆಯ ತಳದಲ್ಲಿ ತೆಳ್ಳನೆಯ ಹಾಳೆಯಂತೆ ಪೋಷಕದ್ರವ ಹರಿಯುತ್ತ ಮತ್ತೆ ತೊಟ್ಟಿಗೆ ಸೇರುತ್ತದೆ. ಲೆಟ್ಯೂಸ್, ಪಾಲಕ, ತುಳಸಿಯ ಜಾತಿಯ ಬೇಸಿಲ್ ಇದಕ್ಕೆ ಒಗ್ಗುತ್ತವೆ. ಟೊಮೆಟೊ, ದೊಣ್ಣೆಮೆಣಸು, ಸೌತೆಗೆ ಕೋಕೋಪೀಟ್ ಚೀಲ ಮತ್ತು ಡ್ರಿಪ್ ಉತ್ತಮ. ಡ್ರಿಪ್ ರೂಢಿಯಾದ ಈ ಸೀಮೆಯಲ್ಲಿ ಗೊಬ್ಬರದ ಅಂಗಡಿಯವರಿಗೆ 13:0:45, 0:52:34, ಕ್ಯಾಲ್ಸಿಯಂ ನೈಟ್ರೇಟ್ ಹೊಸವಲ್ಲ. ಕಬ್ಬಿಣ, ಸತು, ಬೋರಾನ್ ಮುಂತಾದ ಸೂಕ್ಷ್ಮಾಂಶಗಳನ್ನು ಸೇರಿಸಿಕೊಳ್ಳಬೇಕು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟುಗಳ ಜೊತೆ ಗಟ್ಟಿ ದ್ರಾವಣವಾಗಿ ಬೆರೆಸಿದರೆ ಗಷ್ಟು ತಳಕ್ಕಿಳಿದು ಗಿಡಕ್ಕೆ ಸಿಗದೆ ಹೋಗುತ್ತದೆ. ಹಾಗಾಗಿ ‘ಎ’, ‘ಬಿ’ ಎಂದು ಎರಡು ಡ್ರಮ್. ದ್ರವದ ಪಿಎಚ್ 5.5ರಿಂದ 6.5ರೊಳಗಿರಬೇಕು.

ಮೂಲ ನೀರೇ ಕೆಟ್ಟಿದ್ದರೆ ಈ ಜಾಣ್ಮೆಯೆಲ್ಲ ವ್ಯರ್ಥ. ಇಚಲಕರಂಜಿಯಲ್ಲಿ ಈ ಮಾತು ಹೆಚ್ಚು ತಟ್ಟುತ್ತದೆ. ಪವರ್‌ಲೂಮ್‌ಗಳ ಈ ಪಟ್ಟಣಕ್ಕೆ ಕುಡಿಯುವ ನೀರೇ ಹಳೆಯ ಚಿಂತೆ. ಬಟ್ಟೆ ಸಂಸ್ಕರಣೆಯ ಕೊಳೆನೀರು, ಊರುಗಳ ಚರಂಡಿ ಸೇರಿ ಪಂಚಗಂಗೆ ಬಳಲಿದ್ದಾಳೆ. ಸುತ್ತಿಸಿ ಸುತ್ತಿಸಿ ಬಳಸುವ ನೀರಿನಲ್ಲಿ ಗಿಡ ಬೇಡವೆಂದು ಬಿಟ್ಟ ಸೋಡಿಯಂ ವಾರವಾರ ಏರುತ್ತದೆ. ಉಪ್ಪಾದ ಬೋರ್‌ವೆಲ್ ನೀರಿಗಿಂತ ಮಳೆನೀರು ಮೇಲು. 600 ಮಿ.ಮೀ. ಮಳೆಯಾದ ವರ್ಷ 100 ಚದರ ಮೀಟರ್ ತಾರಸಿಯ ಮೇಲೆ 60 ಸಾವಿರ ಲೀಟರ್ ಬೀಳುತ್ತದೆ. ಅದರ ಮುಕ್ಕಾಲು ಪಾಲು ಹಿಡಿದಿಟ್ಟರೂ ತಾರಸಿಯ ಸೊಪ್ಪಿನ ತೋಟಕ್ಕೆ ಬಹಳ ದಿನ ಸಾಕು.

ಅಕ್ವಾಪೋನಿಕ್ಸ್‌ನಲ್ಲಿ ಗೊಬ್ಬರದ ಡ್ರಮ್ಮಿನ ಕೆಲಸ ಮೀನಿನದು. ಮೀನು ಹೊರಹಾಕುವ ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಗಿಡ ನೈಟ್ರೇಟ್ ಹೀರಿದ ನೀರು ಮರಳಿ ಮೀನಿನ ತೊಟ್ಟಿಗೆ. ಅಮೆರಿಕದ ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ ಈ ವಿದ್ಯೆಗೆ ಲೆಕ್ಕ ಕೂಡಿಸಿದರು. ತೇಲುಹಲಗೆಯ ಸೊಪ್ಪಿಗೆ ಒಂದು ಚದರ ಮೀಟರಿಗೆ ದಿನಕ್ಕೆ 60ರಿಂದ 100 ಗ್ರಾಂ ಮೀನಿನ ಆಹಾರ ಎಂಬುದು ಅವರ ಅಳತೆ. ಬ್ಯಾಕ್ಟೀರಿಯ ನೆಲೆಯೂರಲು ನಾಲ್ಕಾರು ವಾರ ಬೇಕು. ಆ ಮೊದಲೇ ತೊಟ್ಟಿ ತುಂಬ ಮೀನು ಬಿಟ್ಟವರು ಕಳೆದುಕೊಳ್ಳುತ್ತಾರೆ. ಕೀಟನಾಶಕ ಮುಟ್ಟುವಂತಿಲ್ಲ, ಏಕೆಂದರೆ ಎಲೆಗೆ ಹೊಡೆದದ್ದು ಮೀನಿಗೂ ತಲುಪುತ್ತದೆ. ತಿಲಾಪಿಯಾ ಸಾಕಲು ಪರವಾನಗಿ ಬೇಕು.

ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಗಡಹಿಂಗ್ಲಜದ ಕಡೆ, ಹಿರಣ್ಯಕೇಶಿಯ ದಂಡೆ ಬಿಟ್ಟು ದೂರ ಸರಿದಂತೆ ನೀರು ಮಿತವಾಗುತ್ತದೆ, ಅಲ್ಲಿ ಮೆಣಸಿನಕಾಯಿ, ಶೇಂಗಾ ಮುಖ್ಯ. ಇವಕ್ಕೆ, ಕಬ್ಬು-ಜೋಳಕ್ಕೆ ಮಣ್ಣೇ ಸರಿ. ಕೊಳವೆಯ ಬೇಸಾಯ ಹೊಂದುವುದು ಬೇಗ ಬರುವ, ಬೇಗ ಬಾಡುವ, ಪೇಟೆ ಹತ್ತಿರವಿರುವ ಸೊಪ್ಪಿಗೆ. ಹೊಲದ ಲೈನಿನಲ್ಲಿ ಪಾಳಿಯ ಮೇಲೆ ವಿದ್ಯುತ್ತು ಬರುವ ಕಡೆ ಬ್ಯಾಟರಿ ಅಥವಾ ಸೌರ ಪಂಪಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬೇಸಿಗೆಯ ಮಧ್ಯಾಹ್ನ ಪಂಪು ನಿಂತರೆ ಕೊಳವೆಯ ಬೇರು ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಒತ್ತಾಗಿ ಬಿಟ್ಟ ಮೀನು ಅದಕ್ಕೂ ಮೊದಲೇ ಉಸಿರುಗಟ್ಟುತ್ತದೆ. ಕೋಕೋಪೀಟ್ ಚೀಲದ ಗಿಡ ಸ್ವಲ್ಪ ಹೊತ್ತು ತಡೆಯುತ್ತದೆ, ಹೊಸಬರು ಅಲ್ಲಿಂದ ಆರಂಭಿಸುವುದು ಲೇಸು.