ಜೀಪಿನ ಮುಂದಿನ ಅಚ್ಚು ಮತ್ತು ಎರಡು ಬೆರಳಿನ ತೆರಪು

ನಮ್ಮ ತಾವರಗೇರಿಯಲ್ಲಿ ಎಳ್ಳಮಾವಾಸ್ಯೆಯ ದಿನ ಮನೆಯಲ್ಲಿ ಉಳಿಯುವವರು ಬಹಳ ಕಡಿಮೆ. ಹೆಂಗಸರು ಮಕ್ಕಳಾದಿಯಾಗಿ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ತೆರಳಿ, ಚರಗ ಚೆಲ್ಲಿ, ಬನ್ನಿಯ ಗಿಡದ ನೆರಳಿನಲ್ಲಿ ಊಟಮಾಡಿ, ಹೊತ್ತು ಇಳಿದ ಮೇಲೆ ಹಿಂತಿರುಗುವುದು ವಾಡಿಕೆ. ಹಿಂದಿನ ವರ್ಷ ಈ ಪ್ರಯಾಣವು ಬಂಡಿಯಲ್ಲಲ್ಲದೆ ಜೀಪಿನಲ್ಲಿಯೇ ಆಗಬೇಕೆಂದು ನಮ್ಮ ತಮ್ಮನ ಮಗನು ಹಟ ಹಿಡಿದನು. ಆ ಜೀಪಿಗೆ ಆತನು ಹೊಸದಾಗಿ, ಅಂದರೆ ಗುಜರಿಯಿಂದ ಕೊಂಡುತಂದುದಾದರೂ ಮೊದಲಿನದಕ್ಕಿಂತ ದಪ್ಪನೆಯ, ಮುಂದಿನ ಅಚ್ಚೊಂದನ್ನು ಕೂಡಿಸಿದ್ದನು. ಆ ಅಚ್ಚಿನ ವೃತ್ತಾಂತವನ್ನೇ ಈ ಸಂಚಿಕೆಯ ವಾಚಕರ ಮುಂದಿಡಲು ಉದ್ದೇಶಿಸಿರುತ್ತೇವೆ. ವ್ಯಾಕರಣ ಕಲಿಸಿದವನಿಗೆ ಯಂತ್ರದ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಆದರೆ ಹನ್ನೊಂದು ಮಂದಿ ಮನೆಯವರು ಹತ್ತಿ ಕೂಡ್ರುವ ವಾಹನದ ವಿಷಯದಲ್ಲಿ ಹಿರಿಯನಾದವನು ತನಗೆ ಸಂಬಂಧವಿಲ್ಲವೆಂದು ಸುಮ್ಮನಿರುವುದು ಹೇಗೆ?

ಜೀಪಿನ ಕುಲವೃತ್ತವನ್ನು ಎರಡು ಮಾತಿನಲ್ಲಿ ಹೇಳಿಬಿಡುವೆವು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಅಮೇರಿಕದ ಸೈನ್ಯವು ನಾಲ್ಕು ಗಾಲಿಗಳಿಗೂ ಬಲವನ್ನು ಹಂಚುವ ಹಗುರವಾದ ಬಂಡಿಯನ್ನು ಬೇಡಿದಾಗ ಇದು ಹುಟ್ಟಿತು. ವಿಲ್ಲಿಸ್ ಕಂಪನಿಯ ಮಾದರಿಯು ಯುದ್ಧಾನಂತರ ನಮ್ಮ ದೇಶಕ್ಕೂ ಬಂದು, 1940ರ ದಶಕದ ಕೊನೆಯಿಂದ ಮಹೀಂದ್ರಾ ಕಂಪನಿಯವರಿಂದ ಇಲ್ಲಿಯೇ ಜೋಡಿಸಲ್ಪಡತೊಡಗಿತು. ಯುದ್ಧಕಾಲದ ಜೀಪಿನ ಎರಡು ಗಾಲಿಗಳ ನಡುವಣ ಅಗಲ 49 ಅಂಗುಲ. ಟಾಯರಿನ ಅಳತೆ 6.00-16. ಕಿರಿದಾದ, ಹಗುರಾದ, ಕಲ್ಲುಮುಳ್ಳಿಗೆ ಅಂಜದ ಗಾಡಿ. ಮಸಾರಿ, ಎರೆ, ಬಂಡೆಗಲ್ಲು ಮೂರೂ ಕೂಡಿರುವ ನಮ್ಮ ಕುಷ್ಟಗಿ ಸೀಮೆಗೆ ಇದಕ್ಕಿಂತ ಒಪ್ಪುವ ವಾಹನ ಮತ್ತೊಂದಿಲ್ಲವೆಂಬುದು ನಮ್ಮ ಹುಡುಗನ ಮತ.

ಈ ಜಾತಿಯ ಹಳೆಯ ಜೀಪುಗಳಲ್ಲಿ ಹಿಂದಿನ ಅಚ್ಚು ದಪ್ಪ, ಮುಂದಿನದು ಸಣ್ಣದು. ಮೊದಲಿದ್ದ ಎಂಜಿನ್ನನ್ನು ತೆಗೆದು ಭಾರವಾದ ಡೀಜಲ್ ಎಂಜಿನ್ ಹಾಕಿದ್ದರಿಂದ ಮುಂದಿನ ಅಚ್ಚಿನ ಹಲ್ಲುಗಾಲಿಗಳು ಸವೆದು, ಗಾಲಿಯ ಸಂದಿಯಲ್ಲಿ ಎಣ್ಣೆ ಜಿನುಗುತ್ತಿತ್ತು. ಆದಕಾರಣ ದೊಡ್ಡ ವಾಹನದ ಅಚ್ಚನ್ನು ತಂದು ಕೂಡಿಸುವ ಯೋಚನೆ ಹುಟ್ಟಿತು. ಸಂಸ್ಕೃತದಲ್ಲಿ ಅಚ್ಚಿಗೆ ಅಕ್ಷವೆಂದು ಹೆಸರು. ಜೂಜಿನ ದಾಳಕ್ಕೂ ಅಕ್ಷವೆಂದೇ ಹೆಸರು. ಅಳತೆಯಿಲ್ಲದೆ ಕೊಂಡಾಗ ಮೊದಲನೆಯದು ಎರಡನೆಯದಾಗುವುದೆಂದು ಆಗಲೇ ಹೇಳಿದ್ದೆವು. ಹುಡುಗನು ನಕ್ಕು ಸುಮ್ಮನಾದನು.

ಅಮಾವಾಸ್ಯೆಯ ಮುನ್ನಾದಿನ ಮಿಸ್ತ್ರಿಯು ಬಂದು, "ಮಾಸ್ತರ್ರೀ, ಅಚ್ಚು ಕೂತ್ತ್ರಿ, ಗಾಡಿ ರೆಡಿ ಐತಿ" ಎಂದು ಹೇಳಿದನು. ನಾವು ಬಗ್ಗಿ ನೋಡಿದೆವು. ಗಾಡಿಯು ನಿಂತಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಸಂಜೆ ಅವರಿಬ್ಬರೇ ಹೊಲದ ದಾರಿಯಲ್ಲಿ ಪರೀಕ್ಷೆಗೆ ಹೋದರು. ಹಳ್ಳದ ಇಳಿಜಾರಿನಲ್ಲಿ ಮುಂದಿನ ಗಾಲಿಗಳೆರಡೂ ಒಮ್ಮೆಲೇ ತಗ್ಗಿಗೆ ಬಿದ್ದಾಗ ಧಡ್ ಎಂದು ಸದ್ದಾಯಿತಂತೆ. ನೂರು ಮಾರು ಹೋಗುವಷ್ಟರಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಇಳಿದು ನೋಡಲಾಗಿ, ಅಚ್ಚಿನ ನಡುವೆ ಹಲ್ಲುಗಾಲಿಗಳನ್ನು ಇಟ್ಟಿರುವ ಗುಂಡನೆಯ ಹೌಸಿಂಗು ಮೇಲಕ್ಕೆದ್ದು ಎಂಜಿನ್ನಿನ ಚೇಂಬರಿಗೆ, ಅಂದರೆ ಎಣ್ಣೆ ನಿಲ್ಲುವ ತಗಡಿನ ತಟ್ಟೆಗೆ, ಬಡಿದು ಸೀಳು ಬಿಡಿಸಿತ್ತು. ಹುಡುಗನು ತಕ್ಷಣ ಎಂಜಿನ್ ಆರಿಸಿದ್ದೇ ಪುಣ್ಯ. ಆದರೆ ಅದೇ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು: ಎಡಗಾಲಿಯ ಬ್ರೇಕಿನ ರಬ್ಬರು ಹೋಜು ವೀಣೆಯ ತಂತಿಯಂತೆ ಬಿಗಿದು, ತುದಿಯಲ್ಲಿ ಬಿರುಕು ಬಿಟ್ಟಿತ್ತು. ಮರುದಿನ ಅದೇ ಇಳಿಜಾರಿನಲ್ಲಿ ನಮ್ಮ ಹೆಣ್ಣುಮಕ್ಕಳು, ಕೂಸುಗಳು ಆ ಗಾಡಿಯಲ್ಲಿ ಕೂಡ್ರತಕ್ಕವರಿದ್ದರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ.

ಚರಗಕ್ಕೆ ಬಂಡಿಯಲ್ಲಿ ಹೋಗಿಬಂದೆವು. ಮರುದಿನ ಮಿಸ್ತ್ರಿಯು ಮೂರು ಉಪಾಯಗಳನ್ನು ಹೇಳಿದನು. ಚೇಂಬರನ್ನು ಬಡಿದು ಒಳಕ್ಕೆ ತಗ್ಗು ಮಾಡುವುದು ಒಂದು. ಕಮಾನುಪಟ್ಟಿಗಳನ್ನು ಅಚ್ಚಿನ ಕೆಳಗಿನಿಂದ ತೆಗೆದು ಮೇಲೆ ಕಟ್ಟುವುದು ಇನ್ನೊಂದು. ದೊಡ್ಡ ಟಾಯರು ಹಾಕುವುದು ಮೂರನೆಯದು. ಹುಡುಗನಿಗೆ ಎರಡನೆಯದು ಬಹಳ ಮನಸ್ಸಿಗೆ ಬಂದಿತು. "ದೊಡ್ಡಪ್ಪಾ, ಗಾಡಿ ನಾಕೈದು ಇಂಚು ಎತ್ತರ ಆಗತೈತಿ, ಎರಿ ಹೊಲದಾಗೂ ತಳ ಹತ್ತಂಗಿಲ್ಲ" ಎಂದನು.

ಇಲ್ಲಿಯೇ ಸಾಮಾನ್ಯರು ಎಡವುವುದು. ತೆರಪು ಎಂಬುದು ಒಂದಲ್ಲ, ಎರಡು. ಅಚ್ಚಿನ ಕೆಳಗೆ, ಹೌಸಿಂಗಿಗೂ ನೆಲಕ್ಕೂ ನಡುವೆ ಇರುವುದು ಒಂದು. ಅಚ್ಚಿನ ಮೇಲೆ, ಅದಕ್ಕೂ ಎಂಜಿನ್ನು ಚಾಸಿಗಳಿಗೂ ನಡುವೆ ಇರುವುದು ಮತ್ತೊಂದು. ಕಮಾನನ್ನು ಎತ್ತರಿಸಿದರೆ ಮೇಲಿನದು ಮಾತ್ರ ಹೆಚ್ಚುವುದು; ಕೆಳಗಿನದು ಕೂದಲೆಳೆಯಷ್ಟೂ ಹೆಚ್ಚದು, ಏಕೆಂದರೆ ಅಚ್ಚು ಗಾಲಿಯ ನಡುವಿನಲ್ಲಿಯೇ ಇರುವುದಷ್ಟೆ. ರುಮಾಲನ್ನು ಎತ್ತರವಾಗಿ ಸುತ್ತಿದ ಮಾತ್ರಕ್ಕೆ ಕಾಲು ಕೆಸರಿನಿಂದ ಮೇಲೇಳುವುದೇ? ಕೆಳಗಿನ ತೆರಪು ಹೆಚ್ಚಬೇಕಾದರೆ ಟಾಯರೇ ದೊಡ್ಡದಾಗಬೇಕು. ಅದೂ ಅರ್ಧ ಲೆಕ್ಕದಲ್ಲಿ. ಟಾಯರಿನ ಎತ್ತರ ಎರಡು ಅಂಗುಲ ಹೆಚ್ಚಿದರೆ ಅಚ್ಚು ಏರುವುದು ಒಂದೇ ಅಂಗುಲ. ದಪ್ಪನೆಯ ಅಚ್ಚಿನ ಹೌಸಿಂಗು ಹಳೆಯದಕ್ಕಿಂತ ಕೆಳಗೂ ದಪ್ಪ, ಮೇಲೂ ದಪ್ಪ. ಆದುದರಿಂದ ಎರಡೂ ತೆರಪುಗಳನ್ನು ಅದು ಒಮ್ಮೆಗೇ ತಿಂದುಹಾಕುತ್ತದೆ. ಬಲವನ್ನು ಕೊಂಡವನು ಜಾಗವನ್ನು ತೆತ್ತಿರುತ್ತಾನೆ.

ಕಮಾನನ್ನು ಅಚ್ಚಿನ ಮೇಲೆ ಕಟ್ಟುವ ಉಪಾಯವನ್ನು ನಾವು ಖಂಡತುಂಡವಾಗಿ ಬೇಡವೆಂದೆವು. ಮೊದಲೇ ಕಿರಿದಾದ ಗಾಡಿ. ಅದನ್ನು ಐದು ಅಂಗುಲ ಎತ್ತಿದರೆ ಒಡ್ಡಿನ ಓರೆಯಲ್ಲಿ ಮಗುಚಿಕೊಳ್ಳುವ ಭಯ ಹೆಚ್ಚು. ಸ್ಟಿಯರಿಂಗಿನ ಸಲಾಕೆ, ಪ್ರೊಪೆಲ್ಲರ್ ಶಾಫ್ಟು ಎರಡೂ ಅತಿಯಾದ ಓರೆಗೆ ಬೀಳುತ್ತವೆ. ಚೇಂಬರನ್ನು ಬಡಿಯುವುದೂ ಸಲ್ಲದು. ಅದರೊಳಗೆ ಎಣ್ಣೆಯನ್ನು ಹೀರುವ ಜಾಳಿಗೆ ಇದೆ, ತಗಡು ಅದಕ್ಕೆ ಒತ್ತಿದರೆ ಎಂಜಿನ್ನಿಗೆ ಎಣ್ಣೆಯೇ ಏರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಅಳತೆ. ಗಾಡಿಯು ನಿಂತಾಗ ನೋಡುವ ಅಳತೆಯು ಅಳತೆಯೇ ಅಲ್ಲ. ಅಚ್ಚು ತನ್ನ ತುತ್ತತುದಿಗೆ ಏರಿದಾಗ ಮತ್ತು ಪೂರ್ತಿ ಜೋತುಬಿದ್ದಾಗ ನೋಡಬೇಕು. ಚಾಸಿಯನ್ನು ಗಟ್ಟಿಯಾದ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಕಮಾನಿನ ಪಟ್ಟಿಗಳಲ್ಲಿ ಹಿರಿಯ ಪಟ್ಟಿಯೊಂದನ್ನೇ ಉಳಿಸಿ ಮಿಕ್ಕವನ್ನು ಬಿಚ್ಚಿಸಿದೆವು. ಆಗ ಅಚ್ಚು ತನ್ನ ಸ್ಥಾನದಲ್ಲಿಯೇ ಇದ್ದು, ಜಾಕಿನಿಂದ ಎತ್ತಿದರೆ ಸುಲಭವಾಗಿ ಏರುತ್ತದೆ. ಏರುವಾಗ ನೆಟ್ಟಗೆ ಏರುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಪಟ್ಟಿಯ ಒಂದು ತುದಿ ಸ್ಥಿರ, ಇನ್ನೊಂದು ತೂಗುವ ಕೊಂಡಿಯಲ್ಲಿರುವುದರಿಂದ ಅಚ್ಚು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿಯುತ್ತ ಏರುತ್ತದೆ.

ಆದರೆ ಚೇಂಬರಿಗೂ ಹೌಸಿಂಗಿಗೂ ನಡುವಿನ ಸಂದಿಯಲ್ಲಿ ಕಡ್ಡಿಯೂ ತೂರದು, ಕಣ್ಣೂ ಕಾಣದು. ನಮಗೆ ಆಗ ಹೊಳೆದುದು ಅಡುಗೆಮನೆ. ಹೋಳಿಗೆಗೆಂದು ನಾದಿದ ಕಣಕದ ಒಂದು ಉಂಡೆ ಉಳಿದಿತ್ತು. ಕೇಳಿದಾಗ ನಮ್ಮ ಮನೆಯವರು, "ಹೋಳಿಗಿ ಕಣಕ ಜೀಪಿಗೆ ಮೆತ್ತತೀರೇನ್ರಿ?" ಎಂದು ಬೆರಗಾದರೂ ಕೊಟ್ಟರು. ಅದನ್ನು ಹೌಸಿಂಗಿನ ನೆತ್ತಿಗೆ ಮೆತ್ತಿ, ಮೇಲೆ ಎಣ್ಣೆ ಸವರಿ, ಜಾಕನ್ನು ಮೆಲ್ಲಗೆ ಎತ್ತಿಸಿ ಇಳಿಸಿದೆವು. ಉಂಡೆಯು ಒಂದು ಕಡೆ ಹಪ್ಪಳಕ್ಕಿಂತ ತೆಳ್ಳಗಾಗಿತ್ತು. ಬಡಿದ ಜಾಗ ಅದೇ. ಇದೇ ರೀತಿ ಎಡಗಾಲಿ ಮಾತ್ರ ಮೇಲೆ, ಬಲಗಾಲಿ ಕೆಳಗೆ. ಆಮೇಲೆ ಅದಲು ಬದಲು. ಪ್ರತಿಯೊಂದಕ್ಕೂ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿದೆವು. ಒಂದು ದಿನವೆಲ್ಲ ಹಿಡಿಯಿತು. ಕಂಡ ದೋಷಗಳು ನಾಲ್ಕು: ಚೇಂಬರಿನದು, ಪೂರ್ತಿ ತಿರುವಿನಲ್ಲಿ ಟಾಯರಿನ ಒಳಮೈ ಕಮಾನಿಗೆ ಉಜ್ಜುವುದು, ಅದೇ ತಿರುವಿನಲ್ಲಿ ಟೈ ರಾಡು ಹೌಸಿಂಗಿಗೆ ತಾಗುವುದು, ಗಾಲಿ ಜೋತುಬಿದ್ದಾಗ ಬ್ರೇಕಿನ ಹೋಜು ಬಿಗಿಯುವುದು.

ಚೇಂಬರನ್ನು ಬೆಸೆಸಿಯಾದ ಮೇಲೆ, ಚಾಸಿಯ ಕೆಳಗೆ ಅಚ್ಚು ಬಂದು ತಂಗುವ ರಬ್ಬರಿನ ತಡೆಗೆ ಒಂದೂವರೆ ಅಂಗುಲ ದಪ್ಪದ ಉಕ್ಕಿನ ತುಂಡನ್ನು ಬೋಲ್ಟು ಹಾಕಿ ಕೂಡಿಸಿದೆವು. ಹೌಸಿಂಗು ಚೇಂಬರನ್ನು ಮುಟ್ಟುವ ಮೊದಲೇ ಅಚ್ಚು ತಡೆಗೆ ನಿಲ್ಲಬೇಕು. ಎಂಜಿನ್ನು ಕೂಡ ತನ್ನ ರಬ್ಬರಿನ ಮೇಲೆ ಅಲುಗಾಡುತ್ತಿರುವುದರಿಂದ, ತಡೆಯು ಪೂರ್ತಿ ಒತ್ತಿದ ಮೇಲೂ ಎರಡು ಬೆರಳು ತೆರಪು ಉಳಿಯಬೇಕೆಂಬುದು ನಮ್ಮ ನಿರ್ಧಾರ. ಮಿಸ್ತ್ರಿಗೆ ಒಂದೇ ಸಾಕೆನಿಸಿತ್ತು. ತಡೆ ಹೆಚ್ಚಿಸಿದರೆ ಕಮಾನು ಆಡುವ ಹಾದಿ ಕಡಿಮೆಯಾಗಿ ಗಾಡಿ ಕುಲುಕುತ್ತದೆ. ಅದಕ್ಕಾಗಿ ಪಟ್ಟಿಗಳಿಗೆ ಒಂದಂಗುಲ ಮಾತ್ರ ಹೊಸ ಬಾಗು ಕೊಡಿಸಿದೆವು.

ಟೈ ರಾಡನ್ನು ಕಾಸಿ ಬಾಗಿಸುವೆನೆಂದು ಮಿಸ್ತ್ರಿಯು ಗ್ಯಾಸ್ ಕೂಡ ಹಚ್ಚಿದ್ದನು. ಕೈ ಹಿಡಿದು ನಿಲ್ಲಿಸಿದೆವು. ಗಾಲಿಗಳ ದಿಕ್ಕನ್ನು ಹಿಡಿದಿರುವ ಸಲಾಕೆಯ ಕಸುವನ್ನು ಬೆಂಕಿಗೆ ಕೊಡುವುದೆಂದರೇನು! ಗಾಲಿ ಎಷ್ಟು ತಿರುಗಬೇಕೆಂಬುದಕ್ಕೆ ಅಚ್ಚಿನ ತುದಿಯಲ್ಲಿಯೇ ತಡೆಯುವ ತಿರುಪುಮೊಳೆ ಇರುತ್ತದೆ. ಅದನ್ನು ಕೆಲವು ಸುತ್ತು ಹೊರಕ್ಕೆ ತಿರುಗಿಸಿದಾಗ ಟಾಯರಿನ ಉಜ್ಜುವಿಕೆ, ರಾಡಿನ ತಾಗುವಿಕೆ ಎರಡೂ ಒಮ್ಮೆಗೇ ನಿಂತವು. ತಿರುಗಲು ಗಾಡಿಗೆ ಈಗ ಹೆಚ್ಚು ಜಾಗ ಬೇಕು. ಓಣಿಯಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ, ಅಷ್ಟೆ. ಬ್ರೇಕಿಗೆ ಉದ್ದವಾದ ಹೊಸ ಹೋಜುಗಳನ್ನೇ ತರಿಸಿದೆವು. ಗಾಲಿ ಜೋತುಬಿದ್ದು, ಪೂರ್ತಿ ತಿರುಗಿದ ಸ್ಥಿತಿಯಲ್ಲಿಯೂ ಹೋಜು ಸಡಿಲವಾಗಿರಬೇಕು. ಸಡಿಲವೆಂದು ಟಾಯರಿಗೂ ತಾಗಕೂಡದು. ಇದರಲ್ಲಿ ನಾಲ್ಕು ಕಾಸು ಉಳಿಸುವವನನ್ನು ನಾವು ಗೃಹಸ್ಥನೆನ್ನಲಾರೆವು.

ತೆರಪಿಗೆ ಸಂಬಂಧಪಡದಿದ್ದರೂ ಒಂದು ಮಾತು. ಹಿಂದಿನ ಅಚ್ಚಿನ ಹಲ್ಲುಗಳ ಪ್ರಮಾಣವೂ ಮುಂದಿನದರ ಪ್ರಮಾಣವೂ ಒಂದೇ ಆಗಿರಬೇಕು. ಹಳೆಯ ವಿಲ್ಲಿಸ್ ಜೀಪಿನಲ್ಲಿ ಎಂಟು ಹಲ್ಲಿನ ಚಿಕ್ಕ ಗಾಲಿಯು ನಲವತ್ತಮೂರು ಹಲ್ಲಿನ ದೊಡ್ಡದನ್ನು ತಿರುಗಿಸುತ್ತದೆ; ಅಂದರೆ ಶಾಫ್ಟು 5.38 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ಎರಡಕ್ಕೂ ವ್ಯತ್ಯಾಸವಿದ್ದರೆ, ನಾಲ್ಕು ಗಾಲಿಗಳಿಗೂ ಬಲ ಕೊಟ್ಟೊಡನೆ ಒಂದಕ್ಕೊಂದು ಎಳೆದಾಡಿ ಹಲ್ಲುಗಳನ್ನು ಮುರಿದುಕೊಳ್ಳುತ್ತವೆ. ನಮ್ಮ ಪುಣ್ಯಕ್ಕೆ ಸರಿಹೊಂದಿತ್ತು. ಎಣಿಸದೆ ಕೊಂಡಿದ್ದನೆಂಬುದು ಬೇರೆ ಮಾತು.

ಕೆಳಗಿನ ತೆರಪಿನ ಕೊರತೆ ಮಾತ್ರ ಹಾಗೆಯೇ ಉಳಿಯಿತು. ಎರೆಹೊಲದ ಆಳವಾದ ಗಾಲಿಜಾಡಿನಲ್ಲಿ ಹೌಸಿಂಗು ಈಗಲೂ ನಡುವಿನ ದಿಣ್ಣೆಯನ್ನು ಕುಂಟೆ ಹೊಡೆದಂತೆ ಕೆರೆಯುತ್ತದೆ. 7.00-16ರ ಟಾಯರಿಗೆ ಹೋದರೆ ಸುಮಾರು ಒಂದಂಗುಲ ಗಳಿಸಬಹುದು. ಆದರೆ ಅದು ಮತ್ತೆ ಕಮಾನಿಗೆ ಉಜ್ಜೀತು, ಅಳತೆಯೆಲ್ಲ ಮೊದಲಿನಿಂದ. ಜಾಡನ್ನು ಬಿಟ್ಟು ದಿಣ್ಣೆಯ ಮೇಲೆ ಒಂದು ಗಾಲಿ ಹಾಕಿ ನಡೆಸೆಂದು ಹೇಳಿದ್ದೇವೆ.

ನಾವು ಎಲ್ಲಕ್ಕಿಂತ ಮೊದಲು ಮಾಡಬೇಕಾಗಿದ್ದು, ಎಲ್ಲಕ್ಕಿಂತ ಕೊನೆಗೆ ನೆನಪಾದುದು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಿಸಿದವರು ಗೊತ್ತುಮಾಡಿದ ವಿವರಗಳಿಗೆ ನೋಂದಣಿಯ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ. ಅಚ್ಚನ್ನು ಕೊಳ್ಳುವ ಮೊದಲೇ ಸಾರಿಗೆ ಕಚೇರಿಯಲ್ಲಿ ಕೇಳಿಕೊಂಡಿದ್ದರೆ ಆಗುತ್ತಿತ್ತು. ಈಗ ಹುಡುಗನು ಅರ್ಜಿ ಹಿಡಿದು ಕೊಪ್ಪಳಕ್ಕೆ ತಿರುಗುತ್ತಿದ್ದಾನೆ. ಅದು ಇತ್ಯರ್ಥವಾಗುವ ತನಕ ಜೀಪು ಹೊಲದ ಗಡಿಯನ್ನು ದಾಟತಕ್ಕದ್ದಲ್ಲವೆಂದು ಕೀಲಿಯನ್ನು ನಮ್ಮ ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಿರುತ್ತೇವೆ. ಈ ಸಲದ ಚರಗಕ್ಕೂ ಬಂಡಿಯನ್ನೇ ಹೂಡಬೇಕಾದೀತು. ಅದರ ಅಚ್ಚಿಗೆ ಕೀಲೆಣ್ಣೆ ಹಾಕಿಸಲು ನಿನ್ನೆ ಹೇಳಿ ಕಳುಹಿಸಿದೆವು.