ರಷ್ಯಾದ ಲಾಡಾ ನಮ್ಮ ಫಿಯಟ್ ಟ್ಯಾಕ್ಸಿಯ ಬಂಧುವೇ?

ಪ್ರಶ್ನೆ: ಹಳೆಯ ರಷ್ಯನ್ ಸಿನಿಮಾಗಳ ಲಾಡಾ ಟ್ಯಾಕ್ಸಿ ನಮ್ಮ ಫಿಯಟ್‌ನಂತೆಯೇ ಕಾಣುತ್ತದೆ. ಎರಡೂ ಒಂದೆಯೇ? – ಓದುಗರು, ನಿಪ್ಪಾಣಿ

ಉತ್ತರ: ಮನೆತನ ಒಂದೇ, ಕಾರು ಬೇರೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಮುಂಬೈಗೆ ಹೋದವರೆಲ್ಲ ಅಲ್ಲಿ ಹತ್ತಿದ ಕಪ್ಪು-ಹಳದಿ ಪದ್ಮಿನಿ, ಇಟಲಿಯ ಫಿಯಟ್ 1100ರ ಕುಡಿ. ಮೊದಲ ಲಾಡಾ ಹುಟ್ಟಿದ್ದು ಫಿಯಟ್ 124ರಿಂದ. 1966ರಲ್ಲಿ ಒಪ್ಪಂದವಾಗಿ, 1970ರಲ್ಲಿ ತೊಲ್ಯಾತ್ತಿಯಲ್ಲಿ ತಯಾರಿಕೆ ಶುರುವಾಯಿತು. ಸೋವಿಯತ್ ಎಂಜಿನಿಯರುಗಳು ಅದನ್ನು ಹಾಗೆಯೇ ನಕಲು ಮಾಡಲಿಲ್ಲ: ಕೆಟ್ಟ ರಸ್ತೆಗಳಿಗಾಗಿ ದಪ್ಪ ತಗಡು ಬಳಸಿದರು, ನೆಲದಿಂದ ಎತ್ತರ ಹೆಚ್ಚಿಸಿದರು, ಹಿಂಚಕ್ರಕ್ಕೆ ಡಿಸ್ಕ್ ಬದಲು ಡ್ರಮ್ ಬ್ರೇಕ್ ಹಾಕಿದರು. ನನಗೆ ಬಹಳ ಮೆಚ್ಚುಗೆಯಾದ ಜಾಣ್ಮೆಯಿದು.

ಲಾಡಾದ ನಿಜವಾದ ದಾಯಾದಿಯೂ ನಮ್ಮಲ್ಲಿತ್ತು. ಪದ್ಮಿನಿಯನ್ನು ತಯಾರಿಸಿದ ಪ್ರೀಮಿಯರ್ ಕಂಪನಿಯೇ 1985ರಲ್ಲಿ ತಂದ 118ಎನ್‌ಇ ಕಾರಿನದು ಅದೇ 124ರ ಮೈಕಟ್ಟು, ಎಂಜಿನ್ ಮಾತ್ರ ಜಪಾನಿನ ನಿಸ್ಸಾನ್‌ನದು.